ಟೀಚರ್ ಮನೆಯ ಸೌನಾ: 65 ಡಿಗ್ರಿಯಿಂದ 52ಕ್ಕೆ ಇಳಿದ ಒಂದು ಪ್ರಕರಣ

ಮೈಸೂರಿನಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಬರುವವರಲ್ಲಿ ಮಂಡಿ, ಸೊಂಟ, ಭುಜದ ನೋವಿನವರೇ ಹೆಚ್ಚು. ಈಚೆಗೆ ಇವರೆಲ್ಲ ಹೊಸ ಪ್ರಶ್ನೆಯೊಂದನ್ನು ಕೇಳುತ್ತಿದ್ದಾರೆ: "ಇನ್‌ಫ್ರಾರೆಡ್ ಸೌನಾ ತಗೊಂಡಿದ್ದೀವಿ, ಎಷ್ಟು ಡಿಗ್ರಿಗೆ ಇಡಬೇಕು?" ಪ್ಯಾನೆಲ್‌ಗಳ ಶಾಖದ ಕಿರಣದಿಂದ ಮೈ ಬಿಸಿ ಮಾಡಿ ಬೆವರಿಸುವ ಪೆಟ್ಟಿಗೆ ಅದು. ಒಂದು ಅಂಕಿ ಹೇಳಿ ಕಳಿಸಿದರೆ ಅವರಿಗೂ ಸಮಾಧಾನ, ನಮಗೂ ಕೆಲಸ ಮುಗಿಯಿತು. ಆದರೆ ಹಾಗೆ ಯಾರೋ ಹೇಳಿದ ಅಂಕಿಯನ್ನು ನಂಬಿ ಒಬ್ಬರು ಬಚ್ಚಲುಮನೆಯಲ್ಲಿ ಕುಸಿದು ಕೂತಿದ್ದರು. ಆ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ, ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಅವರು ನಿವೃತ್ತ ಹೈಸ್ಕೂಲ್ ಟೀಚರ್. ವಯಸ್ಸು 61. ಎರಡೂ ಮಂಡಿಗಳಲ್ಲಿ ಸವೆತ. ಬೆಳಿಗ್ಗೆ ಎದ್ದ ಕೂಡಲೇ ಮಂಡಿ ಬಿಗಿಹಿಡಿದು, ಗೋಡೆ ಹಿಡಿದುಕೊಂಡೇ ನಡೆಯಬೇಕು. ಸ್ವಲ್ಪ ಓಡಾಡಿದ ಮೇಲೆ ಸಡಿಲವಾಗುತ್ತದೆ. ಬಿಪಿ ಹಳೆಯದು. ದಿನಾ ಬೆಳಿಗ್ಗೆ ಎರಡು ಮಾತ್ರೆ: ಅಮ್ಲೋಡಿಪಿನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್. ಮೊದಲನೆಯದು ರಕ್ತನಾಳ ಹಿಗ್ಗಿಸುತ್ತದೆ, ಎರಡನೆಯದು ಮೂತ್ರದ ಮೂಲಕ ನೀರು, ಉಪ್ಪು ಹೊರಹಾಕುತ್ತದೆ. ಸಕ್ಕರೆ ಕಾಯಿಲೆ ಇಲ್ಲ. ಹೃದಯದ ತೊಂದರೆಯೂ ಇಲ್ಲ.

ಬೆಂಗಳೂರಿನಲ್ಲಿರುವ ಮಗ ಅಮ್ಮನ ಮಂಡಿಗೆ ಒಳ್ಳೆಯದಾಗಲಿ ಅಂತ ಒಬ್ಬರು ಕೂರುವ ಮರದ ಕ್ಯಾಬಿನ್ ತರಿಸಿಕೊಟ್ಟರು. ಒಳಗೆ ಬೆನ್ನಿಗೆ, ಎರಡು ಪಕ್ಕಕ್ಕೆ, ಮೀನಖಂಡಕ್ಕೆ, ಪಾದದ ಕೆಳಗೆ ಕಾರ್ಬನ್ ಪ್ಯಾನೆಲ್. ಒಟ್ಟು 1,500 ವಾಟ್. ಸ್ಟೋರ್ ರೂಮಿಗೆ ಹೊಸದಾಗಿ 16 ಆಂಪಿಯರ್ ಪಾಯಿಂಟ್ ಎಳೆಸಿದರು. ತಂದು ಜೋಡಿಸಿದವರು ಹೇಳಿ ಹೋದದ್ದು ಇಷ್ಟೇ: "65ಕ್ಕೆ ಇಡಿ, 40 ನಿಮಿಷ ಕೂತ್ಕೊಳ್ಳಿ. ಬೆವರು ಧಾರಾಳವಾಗಿ ಬಂದರೆ ಕೆಲಸ ಮಾಡ್ತಿದೆ ಅಂತ ಅರ್ಥ."

ಮೊದಲ ಕೆಲವು ಸಲ ಹೇಗೋ ನಡೆಯಿತು. ತಲೆ ಭಾರ, ಸುಸ್ತು ಇತ್ತು. ಅಭ್ಯಾಸವಾಗುವವರೆಗೆ ಹಾಗೇ ಇರುತ್ತದೆ ಅಂದುಕೊಂಡರು. ಆಮೇಲೆ ಏಕಾದಶಿ ಬಂತು. ಟೀಚರ್ ಮನೆಯಲ್ಲಿ ಏಕಾದಶಿ ಅಂದರೆ ನಿರ್ಜಲ, ಒಂದು ಹನಿ ನೀರೂ ಇಲ್ಲ. ಮಾತ್ರೆ ಮಾತ್ರ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಿದ್ದರು. ಸಂಜೆ ಎಂದಿನಂತೆ 65 ಡಿಗ್ರಿಯಲ್ಲಿ 40 ನಿಮಿಷ ಕೂತರು. ಹೊರಗೆ ಬಂದವರು ಬೆವರು ತೊಳೆಯಲು ನೇರ ಬಚ್ಚಲಿಗೆ ಹೋಗಿ ಬಿಸಿನೀರು ಹುಯ್ದುಕೊಂಡರು. ಎರಡನೇ ತಂಬಿಗೆಗೆ ಕಣ್ಣು ಕತ್ತಲೆ ಬಂತು. ನಲ್ಲಿ ಹಿಡಿದು ಹಾಗೇ ನೆಲಕ್ಕೆ ಕೂತರು. ಸದ್ದು ಕೇಳಿ ಯಜಮಾನರು ಓಡಿಬಂದು, ಮಲಗಿಸಿ, ಮನೆಯ ಮೆಷಿನ್ನಲ್ಲಿ ಬಿಪಿ ನೋಡಿದಾಗ 98/60. ದಿನಾ ಅವರದು 135ರ ಆಸುಪಾಸು. ತಲೆಗೆ ಪೆಟ್ಟಾಗಲಿಲ್ಲ. ಅದು ದೇವರ ದಯೆ ಅಂತ ಅವರು ಈಗಲೂ ಹೇಳುತ್ತಾರೆ.

ಮಾರನೇ ದಿನ ಪಾರಣೆ ಮುಗಿಸಿ ನನಗೆ ಫೋನ್ ಮಾಡಿದರು. ಮಂಡಿಯ ವ್ಯಾಯಾಮಕ್ಕೆ ಮೊದಲಿಂದಲೂ ನನ್ನ ಹತ್ತಿರವೇ ಬರುತ್ತಿದ್ದವರು. "ಏನಮ್ಮ, ಇದನ್ನ ವಾಪಸ್ ಕಳಿಸಿಬಿಡಲಾ?" ಅಂದರು.

"ಈಗಲೇ ಬೇಡಿ ಟೀಚರ್. ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ. ಅವರು ಹೇಳೋವರೆಗೂ ಸ್ವಿಚ್ ಹಾಕಬೇಡಿ" ಅಂದೆ.

ಕುಸಿದಿದ್ದು ಯಾಕೆ

ಶಾಖ ತಾಗಿದಾಗ ದೇಹ ತನ್ನ ಬಿಸಿಯನ್ನು ಹೊರಹಾಕಲು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಕಾಲುಗಳಲ್ಲಿ ನಿಲ್ಲುತ್ತದೆ. ಟೀಚರ್‌ಗೆ ಅಮ್ಲೋಡಿಪಿನ್ ಆಗಲೇ ರಕ್ತನಾಳ ಹಿಗ್ಗಿಸಿತ್ತು. ಇನ್ನೊಂದು ಮಾತ್ರೆ ಮತ್ತು ಉಪವಾಸ ಸೇರಿ ಮೈಯ ನೀರು ಕಡಿಮೆ ಮಾಡಿದ್ದವು. 40 ನಿಮಿಷದ ಬೆವರು ಉಳಿದ ನೀರನ್ನೂ ತೆಗೆಯಿತು. ಆಮೇಲೆ ತಟ್ಟನೆ ಎದ್ದರು, ನಿಂತುಕೊಂಡೇ ಮತ್ತೆ ಬಿಸಿನೀರು ಹಾಕಿಕೊಂಡರು. ಇವುಗಳಲ್ಲಿ ಒಂದೇ ಒಂದು ಇದ್ದಿದ್ದರೆ ದೇಹ ಸಂಭಾಳಿಸಿಕೊಳ್ಳುತ್ತಿತ್ತೇನೋ. ಐದೂ ಒಟ್ಟಿಗೆ ಬಂದವು. ಹಾಗಾಗಿ ನಾನು ತಪ್ಪನ್ನು 65ರ ಮೇಲೆ ಮಾತ್ರ ಹಾಕುವುದಿಲ್ಲ. ಆದರೆ ಮೈಮೇಲೆ ಇಷ್ಟೊಂದು ಹೊರೆ ಇರುವವರಿಗೆ 65 ಅಂತ ಹೇಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು: ಯಾವ ಮಾತ್ರೆ ತಗೊಳ್ತೀರಿ?

ಅವರ ಡಾಕ್ಟರ್ ಇಸಿಜಿ ಮಾಡಿಸಿದರು, ಎದೆಬಡಿತ ಕೇಳಿದರು, ಕೂರಿಸಿ ನಿಲ್ಲಿಸಿ ಬಿಪಿ ನೋಡಿದರು. ಇತ್ತೀಚೆಗೆ ಹೃದಯಾಘಾತ ಆದವರು, ಆಗಾಗ ಎದೆನೋವು ಬರುವವರು, ಹೃದಯದ ಮಹಾಪಧಮನಿಯ ಕವಾಟ ತುಂಬ ಕಿರಿದಾದವರು ಈ ಶಾಖದ ಹತ್ತಿರವೇ ಹೋಗಬಾರದು. ಟೀಚರ್‌ಗೆ ಅಂಥದ್ದೇನೂ ಇರಲಿಲ್ಲ. ಮಾತ್ರೆ ಹಾಗೇ ಮುಂದುವರಿಸಿ, ಸೌನಾ ಬೇಕಿದ್ದರೆ ಕಡಿಮೆ ಶಾಖದಿಂದ ಶುರು ಮಾಡಿ, ಸಂಜೆ ಹೊತ್ತಿಗೆ ಇಟ್ಟುಕೊಳ್ಳಿ ಅಂದರು. ಸಂಜೆ ಯಾಕೆ ಅಂದರೆ, ಬೆಳಿಗ್ಗೆ ನುಂಗಿದ ಹೈಡ್ರೋಕ್ಲೋರೋಥಯಾಜೈಡ್ ಎರಡು ಗಂಟೆಯಲ್ಲಿ ಕೆಲಸ ಶುರು ಮಾಡಿ, ನಾಲ್ಕು ಗಂಟೆ ಹೊತ್ತಿಗೆ ಜೋರಾಗಿರುತ್ತದೆ. ಸಂಜೆಗೆ ಅದರ ಬಿರುಸು ಇಳಿದಿರುತ್ತದೆ, ಮಧ್ಯೆ ನೀರು ಕುಡಿಯಲು ಸಮಯವೂ ಸಿಗುತ್ತದೆ.

ಡಿಸ್‌ಪ್ಲೇ ತೋರಿಸುವುದು ಯಾವುದರ ಬಿಸಿ?

ಮೊದಲು ನಾನು ಅಳೆದದ್ದು ಕ್ಯಾಬಿನ್ನನ್ನು. ಅದರ ಸೆನ್ಸರ್ ಚಾವಣಿಯ ಹತ್ತಿರ, ಮೂಲೆಯಲ್ಲಿತ್ತು. ಬಿಸಿ ಗಾಳಿ ಮೇಲೇರುತ್ತದೆ, ಅಲ್ವಾ. ನಾನು ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಂಡು ಹೋಗಿ, ಪ್ಯಾನೆಲ್‌ನ ಕಿರಣ ನೇರ ಬೀಳದ ಹಾಗೆ ಅಲ್ಯೂಮಿನಿಯಂ ಫಾಯಿಲ್‌ನ ಮರೆ ಕಟ್ಟಿ ನೇತುಹಾಕಿದೆ. ಡಿಸ್‌ಪ್ಲೇ 60 ತೋರಿಸುವಾಗ ಕೂತವರ ಎದೆಯ ಎತ್ತರದಲ್ಲಿ 53, ಪಾದದ ಹತ್ತಿರ 41. ಬೇರೆ ಕ್ಯಾಬಿನ್ನಿನಲ್ಲಿ ಈ ಅಂತರ ಬೇರೆ ಇರುತ್ತದೆ.

ಹಾಗಾದರೆ ಅಂಕಿಯನ್ನು ಇನ್ನೂ ಏರಿಸಬಹುದಲ್ಲ ಅನ್ನಿಸಬಹುದು. ಇಲ್ಲ. ಇನ್‌ಫ್ರಾರೆಡ್ ಕ್ಯಾಬಿನ್ನಿನಲ್ಲಿ ಗಾಳಿಯ ಬಿಸಿ ಲೆಕ್ಕದ ಒಂದು ಭಾಗ ಅಷ್ಟೇ. ಇನ್ನೊಂದು ಭಾಗ ಪ್ಯಾನೆಲ್‌ನಿಂದ ನೇರ ಚರ್ಮಕ್ಕೆ ಬರುವ ಕಿರಣ. ಚಳಿಗಾಲದ ಬೆಳಿಗ್ಗೆ ಜಗಲಿಯಲ್ಲಿ ಬಿಸಿಲು ಕಾಯಿಸಿಕೊಳ್ಳುವಾಗ ಗಾಳಿ ತಣ್ಣಗಿದ್ದರೂ ಬೆನ್ನು ಚುರುಗುಟ್ಟುವ ಹಾಗೆ. ಫಿನ್ಲೆಂಡಿನ ಸಾಂಪ್ರದಾಯಿಕ ಸೌನಾದಲ್ಲಿ ಕಲ್ಲು ಕಾಯಿಸಿ ಗಾಳಿಯನ್ನು 80–90 ಡಿಗ್ರಿಗೆ ಏರಿಸುತ್ತಾರೆ, ಆ ಗಾಳಿ ಮೈಯನ್ನು ಬಿಸಿ ಮಾಡುತ್ತದೆ. ಇನ್‌ಫ್ರಾರೆಡ್‌ನಲ್ಲಿ 45ರಿಂದ 65ರೊಳಗೇ ಬೆವರು ಬರುತ್ತದೆ. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು "ಅಲ್ಲಿ 90, ಇಲ್ಲಿ ಬರೀ 65" ಅನ್ನುವುದಕ್ಕೆ ಅರ್ಥವಿಲ್ಲ.

ಮಗ ಒಂದು ಕರಪತ್ರ ಕೊಟ್ಟಿದ್ದರು. ಅದರಲ್ಲಿ ಸೌನಾ ಮಾಡಿದರೆ ಹೃದಯಕ್ಕೆ ಒಳ್ಳೆಯದು ಅಂತ ಫಿನ್ಲೆಂಡಿನ ಅಧ್ಯಯನವೊಂದರ ಮಾತಿತ್ತು. ಅಧ್ಯಯನ ನಿಜ. 2015ರಲ್ಲಿ ಪ್ರಕಟವಾದದ್ದು. ಪೂರ್ವ ಫಿನ್ಲೆಂಡಿನ ಕುವೊಪಿಯೊ ಭಾಗದ 2,315 ಮಧ್ಯವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ್ದರು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾ ಮಾಡುವವರಲ್ಲಿ ಹಠಾತ್ ಹೃದಯ ಸಾವು ಕಡಿಮೆ ಕಂಡಿತು. ಆದರೆ ಅದು ಸಾಂಪ್ರದಾಯಿಕ ಸೌನಾ, ಅವರೆಲ್ಲ ಚಿಕ್ಕಂದಿನಿಂದ ಅದರಲ್ಲೇ ಬೆಳೆದವರು. ಅದನ್ನು ತಂದು ಮೈಸೂರಿನ ಇನ್‌ಫ್ರಾರೆಡ್ ಪೆಟ್ಟಿಗೆಗೆ ಅಂಟಿಸುವುದು ಸರಿಯಲ್ಲ. ಕಿರಣ ಮೈಯೊಳಗೆ ಇಂಚುಗಟ್ಟಲೆ ಇಳಿಯುತ್ತದೆ ಅಂತಲೂ ಕರಪತ್ರದಲ್ಲಿತ್ತು. ಈ ಪ್ಯಾನೆಲ್‌ಗಳಿಂದ ಬರುವ ಉದ್ದ ಅಲೆಯ (ಫಾರ್) ಇನ್‌ಫ್ರಾರೆಡ್ ಚರ್ಮದಲ್ಲಿ ಒಂದು ಮಿಲಿಮೀಟರ್ ಆಳಕ್ಕೂ ಮೊದಲೇ ಹೀರಿಹೋಗುತ್ತದೆ. ಒಳಗಿನ ಬಿಸಿ ಏರುವುದು ರಕ್ತ ಆ ಶಾಖವನ್ನು ಹೊತ್ತುಕೊಂಡು ಹೋಗುವುದರಿಂದ. ಬೆವರಿನಲ್ಲಿ ವಿಷ ಹೊರಹೋಗುತ್ತದೆ ಅನ್ನುವ ಮಾತೂ ಹಾಗೇ. ಬೆವರು ಅಂದರೆ ಬಹುಪಾಲು ನೀರು ಮತ್ತು ಉಪ್ಪು. ವಿಷ ತೆಗೆಯಲು ಲಿವರ್, ಕಿಡ್ನಿ ಇವೆ.

60ರ ಪಕ್ಕದ 15

ಇನ್‌ಫ್ರಾರೆಡ್ ಶಾಖವನ್ನು ಆಸ್ಪತ್ರೆಯಲ್ಲಿ, ಲೆಕ್ಕ ಇಟ್ಟು ಬಳಸಿದ ಒಂದು ಪದ್ಧತಿ ನನಗೆ ಅಳತೆಗೋಲು. ಜಪಾನಿನ ಕಾಗೋಶಿಮಾ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಚುವಾ ತೇಯ್ 1989ರಲ್ಲಿ ಶುರು ಮಾಡಿದ್ದು, ಹೆಸರು ವಾಒನ್ ಚಿಕಿತ್ಸೆ. ದುರ್ಬಲ ಹೃದಯದ ರೋಗಿಗಳಿಗೇ ಅವರು ಇದನ್ನು ಕೊಟ್ಟರು. ಕೋಣೆ 60 ಡಿಗ್ರಿ, ಮೇಲೆ ಕೆಳಗೆ ಎಲ್ಲ ಕಡೆ ಒಂದೇ ಸಮ. ರೋಗಿ ಒಳಗಿರುವುದು 15 ನಿಮಿಷ. ಹೊರಗೆ ಬಂದ ಮೇಲೆ ಕಂಬಳಿ ಹೊದಿಸಿ 30 ನಿಮಿಷ ವಿಶ್ರಾಂತಿ. ಒಳಗೆ ಹೋಗುವ ಮೊದಲು, ಎಲ್ಲ ಮುಗಿದ ಮೇಲೆ ತೂಕ ನೋಡಿ, ಬೆವರಿನಲ್ಲಿ ಎಷ್ಟು ಹೋಯಿತೋ ಅಷ್ಟು ನೀರು ಕುಡಿಸುವುದು. ದೇಹದ ಒಳಗಿನ ಬಿಸಿ ಏರುವುದು ಸುಮಾರು 1ರಿಂದ 1.2 ಡಿಗ್ರಿ, ಅಷ್ಟೇ.

ಮಾರುವವರ ಬಾಯಲ್ಲಿ ಇದರ 60 ಮಾತ್ರ ಉಳಿದುಕೊಂಡಿದೆ. 15 ನಿಮಿಷ, ಕಂಬಳಿ, ತೂಕ, ನೀರು, ಪಕ್ಕದಲ್ಲಿ ನಿಂತ ನರ್ಸ್, ಇವೆಲ್ಲ ಬಿದ್ದುಹೋಗಿವೆ. ನನಗೆ ಬೇಸರವಾಗುವುದು ಇಲ್ಲೇ. ಡಿಗ್ರಿ ಅನ್ನುವುದು ಸಮಯವಿಲ್ಲದೆ ಪೂರ್ತಿಯಾಗುವುದಿಲ್ಲ. 60 ಡಿಗ್ರಿಯಲ್ಲಿ 15 ನಿಮಿಷ ಕೂರುವುದು ಒಂದು ಡೋಸ್, ಅದೇ 60ರಲ್ಲಿ 40 ನಿಮಿಷ ಕೂರುವುದು ಬೇರೆಯೇ ಡೋಸ್. ಮಾತ್ರೆಯಲ್ಲಿ 5 ಮಿಲಿಗ್ರಾಂ, 10 ಮಿಲಿಗ್ರಾಂ ಅಂತ ನೋಡಿ ನುಂಗುವ ನಾವು ಶಾಖದಲ್ಲಿ ಯಾಕೆ ನೋಡಬಾರದು?

ಟೀಚರ್‌ಗೆ ಅಂಕಿ ಹುಡುಕಿದ್ದು

ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಮೊದಲೇ ಮಾತಾಡಿಕೊಂಡೆವು. ಒಂದೋ ಡಿಗ್ರಿ ಏರಿಸುವುದು, ಇಲ್ಲ ನಿಮಿಷ. ಎರಡೂ ಒಟ್ಟಿಗೆ ಇಲ್ಲ. ಪ್ರತಿ ಸಲ ನೋಡುವುದು: ಮೊದಲು ಮತ್ತು ಆಮೇಲೆ ತೂಕ, ನಾಡಿ, ಕೂತಾಗಿನ ಬಿಪಿ, ಎದ್ದು ಒಂದು ನಿಮಿಷಕ್ಕೆ ಬಿಪಿ, ಬಾಯಿಯ ಉಷ್ಣತೆ. ಥರ್ಮಾಮೀಟರನ್ನು ಕ್ಯಾಬಿನ್ನಿನ ಒಳಗೆ ಇಟ್ಟರೆ ಬಿಸಿ ಗಾಳಿಗೆ ಲೆಕ್ಕ ಕೆಡುತ್ತದೆ. ಹೊರಗೆ ಬಂದು ಕೆಲವು ನಿಮಿಷ ಕೂತು, ನೀರು ಕುಡಿಯುವ ಮೊದಲು ಇಡಬೇಕು. 38 ಮುಟ್ಟಿದರೆ ಜಾಸ್ತಿಯಾಯಿತು ಅಂತ ನಾನೇ ಒಂದು ಗೆರೆ ಹಾಕಿದೆ. ಎದ್ದು ನಿಂತಾಗ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರು ಅದನ್ನು ತೊಂದರೆ ಅಂತಲೇ ಪರಿಗಣಿಸುತ್ತಾರೆ. ಆ ಗೆರೆಯನ್ನೂ ಬರೆದಿಟ್ಟೆವು.

ಶುರು ಡಿಸ್‌ಪ್ಲೇಯಲ್ಲಿ 45 ಡಿಗ್ರಿ, 15 ನಿಮಿಷ. ಹೊರಗೆ ಬಂದ ಟೀಚರ್ ಮುಖದಲ್ಲಿ ನಿರಾಸೆ. "ಬೆವರೇ ಬರಲಿಲ್ಲವಲ್ಲಮ್ಮ. ಸುಮ್ನೆ ಕೂತು ಎದ್ದು ಬಂದ ಹಾಗಾಯ್ತು."

"ಮಂಡಿ ಮಡಚಿ ನೋಡಿ ಟೀಚರ್."

ತಗ್ಗಿನ ಮಣೆಯ ಮೇಲೆ ಕೂತು ಎದ್ದರು. ಕೈ ಊರದೆ ಎದ್ದರು. ಬೆವರಿಗೂ ಮಂಡಿಯ ಬಿಗಿಗೂ ಸಂಬಂಧ ಕಡಿಮೆ ಅಂತ ಅವರಿಗೆ ಒಪ್ಪಿಸಲು ನನಗೆ ಬೇರೆ ಮಾತು ಬೇಕಾಗಲಿಲ್ಲ.

ಆಮೇಲೆ 48, ಆಮೇಲೆ 50. 50ರಲ್ಲಿ ಹನ್ನೆರಡನೇ ನಿಮಿಷದ ಹೊತ್ತಿಗೆ ಮೇಲ್ತುಟಿಯ ಮೇಲೆ, ಹಣೆಯ ಅಂಚಿನಲ್ಲಿ ಸಣ್ಣ ಹನಿಗಳು ಕಾಣಿಸಿದವು. ನಾನು ಕಾಯುತ್ತಿದ್ದದ್ದು ಇದನ್ನೇ. ಬೆವರು ಹರಿಯಬೇಕು ಅಂತಲ್ಲ, ದೇಹ ತಂಪು ಮಾಡಿಕೊಳ್ಳುವ ಕೆಲಸ ಯಾವಾಗ ಶುರು ಮಾಡಿತು ಅಂತ ಗೊತ್ತಾಗಬೇಕು. ಅದು ಹತ್ತರಿಂದ ಹದಿನೈದು ನಿಮಿಷದ ನಡುವೆ ಶುರುವಾದರೆ ಆ ಶಾಖ ಆ ಮನುಷ್ಯರಿಗೆ ಹತ್ತಿರದ್ದು ಅಂತ ನನ್ನ ಅನುಭವ. ಮೂರು ನಾಲ್ಕು ನಿಮಿಷಕ್ಕೇ ಧಾರೆ ಇಳಿದರೆ ಜಾಸ್ತಿ ಇಟ್ಟಿದ್ದೀರಿ ಅಂತ ತಿಳಿಯಿರಿ.

ಟೀಚರ್‌ಗೆ ಇನ್ನೂ ಮನಸ್ಸಿನಲ್ಲಿ 65 ಕೂತಿತ್ತು. ಡಾಕ್ಟರಿಗೆ ಹೇಳಿ, ನಾನು ಪಕ್ಕದಲ್ಲೇ ಇದ್ದು, 55ಕ್ಕೆ ಒಮ್ಮೆ ನೋಡಿದೆವು. ಕ್ಯಾಬಿನ್ನಿನ ಒಳಗೆ ಏನೂ ತೊಂದರೆಯಿಲ್ಲ, ಹಾಯಾಗಿದೆ ಅಂದರು. ಹೊರಗೆ ಬಂದ ಮೇಲೆ ನಾಡಿ 112. ಕೂತಾಗ ಮೇಲಿನ ಬಿಪಿ 124, ನಿಂತಾಗ 102. ಬಾಯಿಯ ಉಷ್ಣತೆ 37.8. ತಲೆ ಸ್ವಲ್ಪ ಹಗುರ ಅನ್ನಿಸಿತು. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಮಾರನೇ ದಿನ ಯಜಮಾನರು ಹೇಳಿದ ಮಾತು: ದೀಪ ಹಚ್ಚಲೂ ಏಳದೆ ಮಲಗಿದ್ದರಂತೆ. ನಲವತ್ತು ವರ್ಷದಲ್ಲಿ ಅವರು ದೀಪ ತಪ್ಪಿಸಿದವರಲ್ಲ. ಒಳಗೆ ಕೂತಾಗ ಹೇಗನ್ನಿಸಿತು ಅನ್ನುವುದಕ್ಕಿಂತ ಎರಡು ಗಂಟೆ ಆದಮೇಲೆ ಮನುಷ್ಯ ಹೇಗಿದ್ದಾರೆ ಅನ್ನುವುದು ದೊಡ್ಡ ಸೂಚನೆ.

ಹಾಗಾಗಿ 52ಕ್ಕೆ ಇಳಿಸಿದೆವು. ಅಲ್ಲಿ 15 ನಿಮಿಷ ಸಲೀಸಾದ ಮೇಲೆ 20ಕ್ಕೆ ಏರಿಸಿದೆವು. ನಾಡಿ 96, ಕೂತಾಗ 124, ನಿಂತಾಗ 116, ಬಾಯಿಯ ಉಷ್ಣತೆ 37.4. ತೂಕ 300 ಗ್ರಾಂ ಇಳಿಯಿತು. ಇದು ನೀರಿನ ತೂಕ, ಕೊಬ್ಬು ಕರಗಿದ್ದಲ್ಲ. ಅಷ್ಟೇ ನೀರು ಅರ್ಧ ಗಂಟೆಯಲ್ಲಿ ನಿಧಾನವಾಗಿ ಕುಡಿದರು. ಉಪ್ಪು ಹಾಕಿದ ಮಜ್ಜಿಗೆ ಕೇಳಿದರು. ಬಿಪಿ ಇರುವವರಿಗೆ ಇಷ್ಟು ಬೆವರಿಗೆ ಬೇರೆ ಉಪ್ಪು ಬೇಡ, ಬರೀ ನೀರು ಸಾಕು ಅಂದೆ. ವಾರಕ್ಕೆ ಮೂರು ಸಲ, ಸಂಜೆ. ಕ್ಯಾಬಿನ್ ಕಾಯುವ ಹೊತ್ತೂ ಸೇರಿ ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟು.

ಅಂಕಿಯಷ್ಟೇ ಮುಖ್ಯವಾದ ಸಣ್ಣ ಸಣ್ಣ ಸಂಗತಿಗಳೂ ಇದ್ದವು. ಮುಗಿದ ಕೂಡಲೇ ಏಳುವಂತಿಲ್ಲ. ಸ್ವಿಚ್ ಆರಿಸಿ, ಬಾಗಿಲು ತೆರೆದು, ಅಲ್ಲೇ ಐದು ನಿಮಿಷ ಕೂತು, ಮೀನಖಂಡ ಬಿಗಿಹಿಡಿದು ಬಿಟ್ಟು ಮಾಡಬೇಕು, ಕಾಲಿನ ರಕ್ತ ಮೇಲೇರಲಿ ಅಂತ. ಆಮೇಲೆ ಅರ್ಧ ಗಂಟೆ ಹೊದ್ದು ಮಲಗುವುದು. ಸ್ನಾನ ಅದಾದ ಮೇಲೆ, ಉಗುರುಬೆಚ್ಚಗಿನ ನೀರಿನಲ್ಲಿ, ಸ್ಟೂಲ್ ಮೇಲೆ ಕೂತು, ಬಚ್ಚಲಿನ ಚಿಲಕ ಹಾಕದೆ. ಮೊದಲೆಲ್ಲ ಮೈಗೆ ಎಳ್ಳೆಣ್ಣೆ ತಿಕ್ಕಿಕೊಂಡು ಒಳಗೆ ಹೋಗುತ್ತಿದ್ದರು. ಮರದ ನೆಲ ಜಾರುತ್ತದೆ, ಎಣ್ಣೆ ಬೇರೆ ದಿನಕ್ಕಿರಲಿ ಅಂದೆ. ಬಳೆ, ಓಲೆ ತೆಗೆಯಲು ಒಪ್ಪಿದರು. ತಾಳಿ ತೆಗೆಯುವ ಮಾತೇ ಇಲ್ಲ. ಲೋಹ ಬಿಸಿಯಾಗಿ ಎದೆ ಚುರುಕ್ ಅನ್ನುತ್ತಿತ್ತು. ಒಂದು ತೆಳು ಟವೆಲ್ ಮಡಚಿ, ಸರ ಅದರೊಳಗೆ ಬರುವ ಹಾಗೆ ಸುತ್ತಿಕೊಂಡು ಕೂರುತ್ತಾರೆ. ಅಲ್ಲಿಗೆ ಸಮಸ್ಯೆ ಮುಗಿಯಿತು.

ಮಂಡಿ ಏನಾಯಿತು

ಶಾಖದಿಂದ ಸವೆದ ಕೀಲು ಬೆಳೆಯುವುದಿಲ್ಲ. ಶಾಖ ಬಿಗಿ ಸಡಿಲಿಸುತ್ತದೆ, ನೋವು ತಗ್ಗಿಸುತ್ತದೆ, ಸ್ವಲ್ಪ ಹೊತ್ತಿಗೆ. ನೆದರ್ಲೆಂಡ್ಸ್‌ನಲ್ಲಿ ಸಂಧಿವಾತದ 17 ಮತ್ತು ಬೆನ್ನುಮೂಳೆ ಬಿಗಿಯುವ ವಾತದ 17 ರೋಗಿಗಳಿಗೆ ನಾಲ್ಕು ವಾರದಲ್ಲಿ ಎಂಟು ಸಲ ಇನ್‌ಫ್ರಾರೆಡ್ ಸೌನಾ ಕೊಟ್ಟು ನೋಡಿದ್ದು 2009ರಲ್ಲಿ ಪ್ರಕಟವಾಯಿತು. ಒಳಗಿರುವಾಗ ನೋವು, ಬಿಗಿ ಎರಡೂ ಸ್ಪಷ್ಟವಾಗಿ ಇಳಿದವು, ಕಾಯಿಲೆ ಹೆಚ್ಚಲಿಲ್ಲ. ಸಣ್ಣ ಅಧ್ಯಯನ, ಟೀಚರ್‌ದು ಬೇರೆ ಥರದ ಮಂಡಿನೋವು. ಆದರೂ ಒಂದು ದಾರಿ ತೋರಿಸುತ್ತದೆ: ಆ ಸಡಿಲದ ಹೊತ್ತನ್ನು ಬಳಸಿಕೊಳ್ಳಬೇಕು. ಹಾಗಾಗಿ ವಿಶ್ರಾಂತಿ ಮುಗಿದ ಕೂಡಲೇ ತೊಡೆಯ ವ್ಯಾಯಾಮ. ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತುವುದು, ಕಾಲು ನೇರ ಎತ್ತುವುದು, ಕುರ್ಚಿಯಿಂದ ಎದ್ದು ಕೂರುವುದು. ಈಗ ಬೆಳಿಗ್ಗೆ ಗೋಡೆ ಹಿಡಿಯದೆ ನಡೆಯುತ್ತಾರೆ. ಇದರಲ್ಲಿ ಶಾಖದ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು? ದೊಡ್ಡ ಪಾಲು ವ್ಯಾಯಾಮದ್ದೇ ಅಂತ ನಾನು ನಂಬುತ್ತೇನೆ. ಆದರೆ ಶಾಖ ಇಲ್ಲದಿದ್ದಾಗ ಅವರು ವ್ಯಾಯಾಮ ತಪ್ಪಿಸುತ್ತಿದ್ದರು, ಈಗ ತಪ್ಪಿಸುವುದಿಲ್ಲ. ಅದು ಕಡಿಮೆ ಲಾಭವಲ್ಲ.

ಈ ನಡುವೆ ಯಜಮಾನರಿಗೂ ಆಸೆಯಾಯಿತು. ಅವರಿಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಾನು ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡಿದೆ. ಕಣ್ಣು ಮುಚ್ಚಿಕೊಂಡು ಕೂತಿದ್ದ ಅವರಿಗೆ ಹೆಬ್ಬೆರಳಿನಲ್ಲಿ, ಹಿಮ್ಮಡಿಯಲ್ಲಿ ಗೊತ್ತೇ ಆಗಲಿಲ್ಲ. ಪಾದದ ಕೆಳಗೇ ಪ್ಯಾನೆಲ್ ಇರುವ ಪೆಟ್ಟಿಗೆಯಲ್ಲಿ ಸ್ಪರ್ಶ ಇಲ್ಲದ ಕಾಲು ಸುಟ್ಟರೂ ತಿಳಿಯುವುದಿಲ್ಲ. ಶಾಖಕ್ಕೆ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಸಕ್ಕರೆ ತಟ್ಟನೆ ಇಳಿಯಲೂಬಹುದು. "ನಿಮಗೆ ಯಾವ ಡಿಗ್ರಿಯೂ ಬೇಡ ಸರ್" ಅಂದೆ. ಹಬ್ಬಕ್ಕೆ ಬರಲಿದ್ದ ಸೊಸೆ ಎರಡೂವರೆ ತಿಂಗಳ ಬಸುರಿ. ಅವರಿಗೂ ಬೇಡ ಅಂತ ಮೊದಲೇ ಹೇಳಿಸಿದೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಒಳಗಿನ ಬಿಸಿ 39 ದಾಟಿದರೆ ಮಗುವಿನ ಮಿದುಳು, ಬೆನ್ನುಹುರಿಯ ಬೆಳವಣಿಗೆಗೆ ಅಪಾಯ.

ಏಪ್ರಿಲ್ ಬಂದಾಗ ಇನ್ನೊಂದು ಪಾಠವಾಯಿತು. ಸ್ಟೋರ್ ರೂಮೇ ಕಾದಿರುತ್ತಿತ್ತು. ಡಿಸ್‌ಪ್ಲೇ ಅದೇ 52, ಆದರೆ ಹೊರಗೆ ಬಂದ ಮೇಲೆ ಮೈ ತಣಿಯುತ್ತಲೇ ಇರಲಿಲ್ಲ, ಅರ್ಧ ಗಂಟೆಯಾದರೂ ನಾಡಿ ಇಳಿಯಲಿಲ್ಲ. 48ಕ್ಕೆ, 15 ನಿಮಿಷಕ್ಕೆ ಇಳಿಸಿದೆವು, ವಾರಕ್ಕೆ ಎರಡು ಸಲ ಮಾಡಿದೆವು. ಏಕಾದಶಿಯ ದಿನ ಸೌನಾ ಇಲ್ಲ, ದ್ವಾದಶಿಯೂ ಇಲ್ಲ. ಜ್ವರ, ಭೇದಿ ಇದ್ದಾಗಲೂ ಇಲ್ಲ. ಇದನ್ನೆಲ್ಲ ಟೀಚರ್ ತಮ್ಮ ದುಂಡು ಅಕ್ಷರದಲ್ಲಿ ಬರೆದು ಕ್ಯಾಬಿನ್ ಬಾಗಿಲಿಗೆ ಅಂಟಿಸಿದ್ದಾರೆ.

ಚಳಿಗಾಲಕ್ಕೆ 55 ಮತ್ತೆ ನೋಡೋಣವೇ ಅಂತ ಮೊನ್ನೆ ಕೇಳಿದರು. ಅವರ ಡಾಕ್ಟರ್ ಮುಂದಿನ ಭೇಟಿಯಲ್ಲಿ ಬಿಪಿ ಮಾತ್ರೆ ಬದಲಿಸುವ ಯೋಚನೆಯಲ್ಲಿದ್ದಾರೆ. ಅದು ಆಗಲಿ ಅಂದೆ. ಮಾತ್ರೆ ಬದಲಾದರೆ ಹಳೆಯ 52 ಕೂಡ ಲೆಕ್ಕಕ್ಕಿಲ್ಲ, ಮತ್ತೆ 45 ಡಿಗ್ರಿ, 15 ನಿಮಿಷದಿಂದಲೇ ಶುರು ಮಾಡಿ, ಬಿಪಿ ಮೆಷಿನ್ ಪಕ್ಕದಲ್ಲಿಟ್ಟುಕೊಂಡು ಮೇಲೆ ಬರುತ್ತೇವೆ.